ಪಗಾರ ಹೆಚ್ಚಿಗಿ ಮಾಡ್ಯಾನೋ ಇಲ್ಲೋ?

ಮೊನ್ನೆ ಬೀದರಿನಲ್ಲಿ ಮಗಳ ಶಾಲೆಯ ಕ್ರಿಸ್ಮಸ್ ಕಾರ್ಯಕ್ರಮ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್ಮಸ್ ಕ್ಯಾರೋಲ್’ ಕಥೆಯನ್ನು ಮಕ್ಕಳು ಪುಟ್ಟ ನಾಟಕ ಮಾಡಿದ್ದರು. ಜಿಪುಣ ಸ್ಕ್ರೂಜ್, ಸರಪಳಿ ಎಳೆಯುತ್ತಾ ಬರುವ ಅವನ ಸತ್ತ ಪಾಲುದಾರ ಮಾರ್ಲಿಯ ದೆವ್ವ, ಕಡೆಗೆ ಗುಮಾಸ್ತ ಬಾಬ್ ಮನೆಗೆ ಟರ್ಕಿ ಕೋಳಿ. ಎಲ್ಲರೂ ಕುಣಿದರು, ಪರದೆ ಬಿತ್ತು.

ಪಕ್ಕದಲ್ಲಿ ಗೋಡೆಗೊರಗಿ ನಿಂತಿದ್ದ ಆಯಾ ನನ್ನ ಕಡೆ ತಿರುಗಿದರು. ‘ಕೋಳಿ ಕೊಟ್ಟಿದ್ದು ಛಲೋ ಆಯ್ತ್ರಿ ಸರ. ಪಗಾರ ಹೆಚ್ಚಿಗಿ ಮಾಡ್ಯಾನೋ ಇಲ್ಲೋ?’

ನಕ್ಕುಬಿಟ್ಟೆ. ಆದರೆ ಸ್ಕೂಟರ್ ಓಡಿಸುವಾಗಲೂ ಅದೇ, ಊಟಕ್ಕೆ ಕೂತಾಗಲೂ ಅದೇ. ಪಗಾರ ಹೆಚ್ಚಿಗಿ ಮಾಡ್ಯಾನೋ ಇಲ್ಲೋ?

ಪುಸ್ತಕದಲ್ಲಿ ಮಾಡುತ್ತಾನೆ. ಬಾಬ್‌ಗೆ ವಾರಕ್ಕೆ 15 ಶಿಲಿಂಗ್. ಎಷ್ಟೇ ಚಳಿಯಿದ್ದರೂ ಇನ್ನೊಂದು ತುಂಡು ಕಲ್ಲಿದ್ದಲು ಕೇಳುವಂತಿಲ್ಲ, ಕಲ್ಲಿದ್ದಲಿನ ಡಬ್ಬ ಧಣಿ ಸ್ಕ್ರೂಜ್‌ನ ಕೋಣೆಯಲ್ಲಿ. ಹಬ್ಬದ ಮರುದಿನ ಬಾಬ್ ತಡವಾಗಿ ಓಡಿ ಬರುತ್ತಾನೆ. ಸ್ಕ್ರೂಜ್ ಸುಮ್ನೆ ಸಿಟ್ಟು ನಟಿಸಿ, ಸಂಬಳ ಏರಿಸುತ್ತೇನೆ ಅನ್ನುತ್ತಾನೆ. ನನ್ನ ಪ್ರಕಾರ ಕಥೆಯ ಜೀವ ಅಲ್ಲೇ ಇದೆ. ಕೋಳಿ ಒಂದು ಹೊತ್ತಿನ ಊಟ, ಅಲ್ವಾ? ಸಾಲ ತೀರಿಸಲಾಗದೆ ಅಪ್ಪ ಜೈಲು ಸೇರಿದ ದಿನಗಳಲ್ಲಿ, 12 ವರ್ಷದ ಡಿಕನ್ಸ್ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ವಾರದ ಕೂಲಿಯ ಬೆಲೆ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈ ಕಥೆಯಲ್ಲಿ ಯೇಸು ಹುಟ್ಟಿದ ದನದ ಕೊಟ್ಟಿಗೆ ಇಲ್ಲ, ಕುರುಬರಿಲ್ಲ, ಯೇಸುವಿನ ಮಾತೂ ಬಲು ಕಡಿಮೆ. ಹಬ್ಬದಿಂದ ದೇವರನ್ನೇ ತೆಗೆದುಬಿಟ್ಟರು ಅಂತ ದೂರುವವರಿದ್ದಾರೆ. ಆಯಾ ಮಂಗಲಪೇಟೆಯವರು, ಭಾನುವಾರ ಚರ್ಚು ತಪ್ಪಿಸುವವರಲ್ಲ. ಅವರು ಯೇಸು ಎಲ್ಲಿ ಅಂತ ಕೇಳಲಿಲ್ಲ, ಪಗಾರ ಕೇಳಿದರು. ಅವರ ಭಕ್ತಿ ನನಗೆ ಜಾಸ್ತಿ ಗಟ್ಟಿ ಅನ್ನಿಸಿತು.

ನಾಟಕ ಆಡಿಸಿದ ಟೀಚರ್‌ಗೆ ಸಂಬಳ ಏರಿಸುವ ದೃಶ್ಯ ಯಾಕೆ ಬಿಟ್ಟಿರಿ ಅಂದೆ. ‘ಟೈಮ್ ಸಾಲಲಿಲ್ಲ ಸರ್’ ಅಂದರು. ಆಮೇಲೆ ದನಿ ತಗ್ಗಿಸಿ, ‘ಮುಂದಿನ ಸಾಲಿನಲ್ಲಿ ಆಡಳಿತ ಮಂಡಳಿಯವರು ಕೂತಿದ್ದರಲ್ಲ.’ ಪಾಪ, ಅವರದ್ದೂ ಸಂಬಳದ ನೌಕರಿಯೇ. ಮಂಡಳಿಯವರು ಅಂದು ದಾನದ ಬಗ್ಗೆ ಉದ್ದುದ್ದ ಮಾತಾಡಿದರು, ಆಯಾಗಳಿಗೆ ಕಂಬಳಿ ಕೊಟ್ಟರು, ಫೋಟೋ ಹೊಡೆಸಿಕೊಂಡರು. ಬೀದರಿನ ಚಳಿಗೆ ಕಂಬಳಿ ಬೇಕೇ ಬೇಕು, ಅದಕ್ಕೆ ತಕರಾರಿಲ್ಲ. ಬಸವಕಲ್ಯಾಣ ಇರುವ ಜಿಲ್ಲೆಯಲ್ಲಿ ಕಾಯಕದ ಭಾಷಣಕ್ಕೂ ಬರವಿಲ್ಲ.

ನಿನ್ನೆ ಮಗಳನ್ನು ಬಿಡಲು ಹೋದಾಗ ಆಯಾ ಗೇಟಿನಲ್ಲಿ ಸಿಕ್ಕರು.

‘ಅಕ್ಕಾ, ಪುಸ್ತಕದಾಗ ಪಗಾರ ಹೆಚ್ಚಿಗಿ ಮಾಡ್ಯಾನ್ರಿ’ ಅಂದೆ.

‘ಹೌದೇನ್ರಿ! ಎಷ್ಟ್ ಮಾಡ್ಯಾನ್ರಿ?’

ಡಿಕನ್ಸ್ ಅದನ್ನು ಬರೆದಿಲ್ಲ.