ಎಂಟು ವರ್ಕರ್‌ಗಳಿಗೂ ಒಂದೇ ಟೋಕನ್: ಸರ್ವರ್ ಕೆಲಸದ ಟಿಪ್ಪಣಿ

ಮೊದಲ ವಾರ

ಸಿ ಭಾಷೆಯಲ್ಲಿ ನಾನು ಬರೆಯುತ್ತಿರುವ ಚಿಕ್ಕ ಸರ್ವರ್, ಆರಂಭವಾದೊಡನೆ ಫೋರ್ಕ್ (ಓಡುತ್ತಿರುವ ಪ್ರೋಸೆಸ್‌ನ ಪ್ರತಿ ಮಾಡುವ ಕರೆ) ಮೂಲಕ ಎಂಟು ವರ್ಕರ್‌ಗಳನ್ನು, ಅಂದರೆ ಕೆಲಸ ಹಂಚಿಕೊಳ್ಳುವ ಪ್ರೋಸೆಸ್‌ಗಳನ್ನು, ಹುಟ್ಟುಹಾಕುತ್ತದೆ. ಪ್ರತಿ ಲಾಗಿನ್‌ಗೂ 16 ಬೈಟ್‌ಗಳ ಯಾದೃಚ್ಛಿಕ ಟೋಕನ್, ಅಂದರೆ ಆ ಲಾಗಿನ್ ಯಾರದೆಂದು ಗುರುತಿಸುವ ಗುಟ್ಟಿನ ಸಂಖ್ಯೆ, ಬೇಕು. ಪ್ರತಿ ಸಲವೂ ಕರ್ನಲ್ಲನ್ನು (ಆಪರೇಟಿಂಗ್ ಸಿಸ್ಟಂನ ತಿರುಳು) ಕೇಳಬಾರದೆಂದು, 4096 ಬೈಟ್‌ಗಳನ್ನು ಒಮ್ಮೆಗೇ ತಂದು ಬಫರ್ ಎಂಬ ಮೆಮೊರಿಯ ಜಾಗದಲ್ಲಿಟ್ಟು, ಅದರಿಂದಲೇ ಹಂಚುವ ವ್ಯವಸ್ಥೆ ಮಾಡಿದ್ದೆ. ಪರೀಕ್ಷಿಸಿದಾಗ ಎಂಟೂ ವರ್ಕರ್‌ಗಳು ಕೊಟ್ಟ ಮೊದಲ ಟೋಕನ್ ಒಂದೇ ಆಗಿತ್ತು. ಫೋರ್ಕ್ ಆದಾಗ ಮೂಲ ಪ್ರೋಸೆಸ್‌ನ ಮೆಮೊರಿ ಇದ್ದದ್ದು ಇದ್ದಂತೆ ಮರಿ ಪ್ರೋಸೆಸ್‌ಗೂ ದಕ್ಕುತ್ತದೆ. ಮೊದಲೇ ತುಂಬಿಸಿಟ್ಟ ನನ್ನ ಬಫರ್ ಎಂಟು ಪ್ರತಿಗಳಾಗಿತ್ತು. ಒಬ್ಬರ ಲಾಗಿನ್ ಇನ್ನೊಬ್ಬರಿಗೆ ತೆರೆದುಕೊಳ್ಳಲು ಇಷ್ಟೇ ಸಾಕು.

ಎರಡನೆಯ ವಾರ

ಬಫರಿನ ಜೊತೆಗೆ ಪ್ರೋಸೆಸ್ ಸಂಖ್ಯೆಯನ್ನೂ ಬರೆದಿಟ್ಟು, ಅದು ಬದಲಾಗಿದ್ದರೆ ಹೊಸದಾಗಿ ತುಂಬಿಸುವಂತೆ ಮಾಡಿದೆ. ಆದರೆ 2014ರಲ್ಲಿ ಲಿಬ್ರೆಎಸ್ಎಸ್ಎಲ್ ಎಂಬ ಗೂಢಲಿಪಿ ಲೈಬ್ರರಿಯಲ್ಲಿ ಬಯಲಾದ ದೋಷ ಇದೇ ಉಪಾಯದ್ದು. ಅಜ್ಜ ಪ್ರೋಸೆಸ್ ಮುಗಿದು ಅದರ ಸಂಖ್ಯೆ ಮೊಮ್ಮಗನಿಗೆ ಮತ್ತೆ ಸಿಕ್ಕರೆ, ನಡುವಿನ ಪ್ರೋಸೆಸ್ ಒಂದು ಬೈಟನ್ನೂ ಕೇಳದೆ ಇದ್ದಲ್ಲಿ, ಹೋಲಿಕೆಯು ಏನೂ ಬದಲಾಗಿಲ್ಲ ಎಂದೇ ಹೇಳುತ್ತದೆ. ಪ್ರೋಸೆಸ್ ಸಂಖ್ಯೆಯ ಮಿತಿಯನ್ನು 32768ಕ್ಕೆ ಇಳಿಸಿ, ಸಂಖ್ಯೆ ಒಂದು ಸುತ್ತು ಬರುವವರೆಗೆ ಫೋರ್ಕ್ ಮಾಡುತ್ತಾ ಹೋದಾಗ, ನನ್ನ ಕೋಡಿನಲ್ಲೂ ಅದೇ ಟೋಕನ್ ಮರಳಿ ಬಂತು. ಆ ಹೋಲಿಕೆಯನ್ನು ಅಂದೇ ಅಳಿಸಿದೆ.

ಮೂರನೆಯ ವಾರ

ಈಗ ಬಫರ್ ಎಂಮ್ಯಾಪ್‌ನಿಂದ (ಕರ್ನಲ್‌ನಿಂದ ಮೆಮೊರಿ ಕೇಳುವ ಕರೆ) ಪಡೆದ ಪ್ರತ್ಯೇಕ ಪುಟದಲ್ಲಿದೆ. ಲಿನಕ್ಸ್ 4.14ರಿಂದ ಲಭ್ಯವಿರುವ ವೈಪ್‌ಆನ್‌ಫೋರ್ಕ್ ಸೂಚನೆಯನ್ನು ಆ ಪುಟಕ್ಕೆ ಕೊಟ್ಟರೆ, ಮರಿ ಪ್ರೋಸೆಸ್‌ಗೆ ಅದು ಪೂರ್ತಿ ಸೊನ್ನೆಯಾಗಿ ಕಾಣುತ್ತದೆ. ಪುಟದ ಮೊದಲ ಬೈಟ್ ಸೊನ್ನೆಯಾಗಿದ್ದರೆ ಮತ್ತೆ ತುಂಬಿಸುತ್ತೇನೆ. ಫೋರ್ಕ್ ಆದಾಗ ನಮ್ಮ ಫಂಕ್ಷನ್ನನ್ನು ಓಡಿಸುವ ಪಿಥ್ರೆಡ್ ಅಟ್‌ಫೋರ್ಕ್ ಬಳಸಬಹುದಿತ್ತು, ಆದರೆ ಪ್ರೋಸೆಸ್ ಹುಟ್ಟಿಸುವ ಕ್ಲೋನ್ ಸಿಸ್ಟಂ ಕಾಲನ್ನು (ಕರ್ನಲ್‌ಗೆ ಮಾಡುವ ಕರೆ) ನೇರವಾಗಿ ಕರೆಯುವ ಕೋಡಿಗೆ ಅದು ತಗಲುವುದಿಲ್ಲ. ಹಳೆಯ ಕರ್ನಲ್ ಸೂಚನೆಯನ್ನು ನಿರಾಕರಿಸಿದರೆ ಬಫರನ್ನೇ ಬಿಟ್ಟು ಪ್ರತಿ ಬಾರಿ, ಕರ್ನಲ್‌ನಿಂದ ಯಾದೃಚ್ಛಿಕ ಬೈಟ್‌ಗಳನ್ನು ತರುವ ಗೆಟ್‌ರ‍್ಯಾಂಡಮ್ ಕರೆಯುತ್ತೇನೆ. ಅಜ್ಜ–ಮೊಮ್ಮಗನ ಪರೀಕ್ಷೆಯಲ್ಲಿ ಈಗ ಟೋಕನ್ ಮರುಕಳಿಸುತ್ತಿಲ್ಲ.

ನಾಲ್ಕನೆಯ ವಾರ

ವರ್ಚುವಲ್ ಯಂತ್ರದ (ಸಾಫ್ಟ್‌ವೇರ್‌ನಲ್ಲಿ ಓಡುವ ಕಂಪ್ಯೂಟರ್) ಸ್ನ್ಯಾಪ್‌ಶಾಟನ್ನು, ಅಂದರೆ ಒಂದು ಕ್ಷಣದ ಸ್ಥಿತಿಯ ಪ್ರತಿಯನ್ನು, ಎರಡು ಬಾರಿ ಎಬ್ಬಿಸಿದರೆ ಬಫರ್ ಮತ್ತೆ ಎರಡು ಪ್ರತಿಯಾಗುತ್ತದೆ. ಅಲ್ಲಿ ಫೋರ್ಕ್ ನಡೆಯುವುದೇ ಇಲ್ಲವಾದ್ದರಿಂದ ಪುಟ ಅಳಿಯುವುದಿಲ್ಲ. ಒಂದು ಲಾಗಿನ್‌ಗೆ ಒಂದು ಸಿಸ್ಟಂ ಕಾಲ್ ನನ್ನ ಸರ್ವರ್‌ಗೆ ಭಾರವೇ ಅಲ್ಲ ಎಂಬುದನ್ನು ಮೊದಲ ದಿನವೇ ಅಳೆದು ನೋಡಬೇಕಿತ್ತು. ಟೋಕನ್‌ಗಳ ದಾರಿಯಿಂದ ಬಫರನ್ನು ತೆಗೆದುಹಾಕಿ, ನೇರವಾಗಿ ಕರ್ನಲ್‌ನಿಂದಲೇ ಪಡೆಯುವಂತೆ ಬದಲಿಸಿದ್ದೇನೆ. ಅಜ್ಜ–ಮೊಮ್ಮಗನ ಪರೀಕ್ಷೆಯನ್ನು ಮಾತ್ರ ಪ್ರತಿ ಬಿಲ್ಡ್‌ನಲ್ಲೂ ಓಡುವಂತೆ ಉಳಿಸಿಕೊಂಡಿದ್ದೇನೆ.