ಕಣ್ಣು ತೋರಿಸಲು ವಿಡಿಯೋ ಕಾಲ್: ಮೊದಲು ಕಿಟಕಿ ಕಡೆ ತಿರುಗಿ

ಕಣ್ಣಿನ ಆಸ್ಪತ್ರೆಯಲ್ಲಿ ಆಪ್ಟೋಮೆಟ್ರಿಸ್ಟ್, ಅಂದರೆ ದೃಷ್ಟಿ, ಕನ್ನಡಕದ ಪವರ್ ಪರೀಕ್ಷಿಸುವ ಕೆಲಸ ನನ್ನದು. ವಿಡಿಯೋದಲ್ಲಿ ಡಾಕ್ಟರನ್ನು ಕಾಣುವವರ ಜೊತೆ ಮೊದಲು ಮಾತಾಡುವುದು ನಾನೇ. ತೊಂದರೆ ಏನು, ಯಾವಾಗಿನಿಂದ, ಏನು ಹಾಕಿಕೊಳ್ಳುತ್ತಿದ್ದೀರಿ ಅಂತ ಕೇಳಿ ಬರೆದಿಟ್ಟು, ಆಮೇಲೆ ಕಾಲ್ ಡಾಕ್ಟರಿಗೆ ಕೊಡುತ್ತೇನೆ. ಪೇಷಂಟ್ ಸ್ವಲ್ಪ ತಯಾರಾಗಿ ಕೂತಿದ್ದರೆ ಡಾಕ್ಟರಿಗೆ ಎಷ್ಟು ಜಾಸ್ತಿ ಗೊತ್ತಾಗುತ್ತದೆ ಅನ್ನುವುದನ್ನು ದಿನವೂ ನೋಡುತ್ತೇನೆ.

ಬಹಳ ಜನ ಕಿಟಕಿಗೆ ಬೆನ್ನು ಹಾಕಿ ಕೂರುತ್ತಾರೆ. ನಮಗೆ ಕಾಣುವುದು ಬರೀ ಕಪ್ಪು ಮುಖ. ಕುರ್ಚಿ ತಿರುಗಿಸಿ ಕಿಟಕಿಗೆ ಎದುರಾಗಿ ಕೂತರೆ ಊದಿದ ರೆಪ್ಪೆ, ಕೆಂಪು, ಪಿಸುರು ಎಲ್ಲ ಕಾಣುತ್ತದೆ. ಫೋನನ್ನು ಕೈಯಲ್ಲಿ ಹಿಡಿಯದೆ ಯಾವುದಕ್ಕಾದರೂ ಒರಗಿಸಿಡಿ.

ನನ್ನನ್ನು ಕೇಳಿದರೆ ಕಾಲ್‌ಗಿಂತ ಮೊದಲೇ ಕಳಿಸಿದ ಫೋಟೋ ಹೆಚ್ಚು ಉಪಯೋಗ. ನೆಟ್‌ವರ್ಕ್ ಕಮ್ಮಿಯಾದರೆ ವಿಡಿಯೋ ಮಸುಕಾಗುತ್ತದೆ, ಫೋಟೋಗೆ ಆ ಕಾಟವಿಲ್ಲ. ಫೋನಿನ ಹಿಂದಿನ ಕ್ಯಾಮೆರಾದಲ್ಲಿ, ಬೇರೆಯವರ ಕೈಯಲ್ಲಿ ತೆಗೆಸಿ. ಕಣ್ಣಿಗೆ ತೀರಾ ಹತ್ತಿರ ತಂದರೆ ಫೋಕಸ್ ಆಗುವುದಿಲ್ಲ. ಒಂದು ಗೇಣಿಗಿಂತ ಸ್ವಲ್ಪ ದೂರ ಹಿಡಿದು ಜೂಮ್ ಮಾಡಿ. ನೇರ ನೋಡುವಾಗ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನೋಡುವಾಗ ಒಂದೊಂದು. ಎರಡೂ ಕಣ್ಣು ಒಟ್ಟಿಗೆ ಇರುವುದೂ ಒಂದು ಬೇಕು, ಹೋಲಿಸಿ ನೋಡಲು. ಬ್ಯೂಟಿ ಫಿಲ್ಟರ್ ಮಾತ್ರ ದಯವಿಟ್ಟು ಆಫ್ ಮಾಡಿ. ನಾವು ಹುಡುಕುತ್ತಿರುವ ಕೆಂಪನ್ನೇ ಅದು ಅಳಿಸಿಹಾಕುತ್ತದೆ!

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. "ಮಂಜು ಮಂಜಾಗಿ ಕಾಣುತ್ತೆ" ಅಂತ ಬಹುತೇಕ ಎಲ್ಲರೂ ಹೇಳುತ್ತಾರೆ. ಯಾವ ಕಣ್ಣು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಎರಡೂ ಕಣ್ಣು ತೆರೆದಿದ್ದಾಗ ಚೆನ್ನಾಗಿರುವ ಕಣ್ಣು ಇನ್ನೊಂದರ ತೊಂದರೆಯನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಕಾಲ್‌ಗೆ ಮೊದಲೇ ಒಂದೊಂದೇ ಕಣ್ಣು ಮುಚ್ಚಿ ನೋಡಿ. ದೂರಕ್ಕೆ ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಿ. ಬೆರಳಿನಿಂದ ಮುಚ್ಚಿದರೆ ಸಂದಿಯಲ್ಲಿ ಇಣುಕುವುದು ಗ್ಯಾರಂಟಿ, ಅಂಗೈಯಿಂದ ಮುಚ್ಚಿ. ಒತ್ತಬೇಡಿ, ಒತ್ತಿದ ಕಣ್ಣು ಬಿಟ್ಟಮೇಲೂ ಸ್ವಲ್ಪ ಹೊತ್ತು ಮಸುಕಾಗಿರುತ್ತದೆ. ಬಾಗಿಲ ಚೌಕಟ್ಟನ್ನು ನೋಡಿ: ಗೆರೆ ನೇರ ಇದೆಯಾ, ಡೊಂಕಾಗಿದೆಯಾ? ಡೊಂಕು ಕಂಡರೆ ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪದರ) ನಡುಭಾಗದಲ್ಲಿ ತೊಂದರೆ ಇರಬಹುದು, ಅದನ್ನು ಮೊದಲು ಹೇಳಿ.

ಮೊನ್ನೆ ವಯಸ್ಸಾದ ಒಬ್ಬರು "ಎಲ್ಲ ಎರಡೆರಡು ಕಾಣಿಸುತ್ತೆ ಕಣಮ್ಮಾ" ಅಂದರು. ಒಂದು ಕಣ್ಣು ಮುಚ್ಚಿ ನೋಡಿ ಅಂದೆ. ಮುಚ್ಚಿದರು. "ಈಗಲೂ ಎರಡೇ" ಅಂದರು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಒಂದೇ ಕಣ್ಣಿನಲ್ಲೂ ಎರಡು ಕಂಡರೆ ಸಾಮಾನ್ಯವಾಗಿ ಕಾರಣ ಆ ಕಣ್ಣಿನಲ್ಲೇ ಇರುತ್ತದೆ: ಪೊರೆ, ಕನ್ನಡಕದ ಪವರ್, ಕಣ್ಣು ಒಣಗುವುದು. ಒಂದು ಮುಚ್ಚಿದ ಕೂಡಲೇ ಸರಿಹೋದರೆ ಎರಡೂ ಕಣ್ಣು ಒಂದೇ ಕಡೆ ನೋಡುತ್ತಿಲ್ಲ ಅಂತ ಅರ್ಥ. ಅದು ಸ್ನಾಯು, ನರದ ವಿಷಯ. ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಕಾಲ್‌ಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಡ್ರಾಪ್ಸ್ ವಿಷಯ. "ಹಳದಿ ಮುಚ್ಚಳದ್ದು" ಅಂದರೆ ನಮಗೆ ಏನೂ ತಿಳಿಯುವುದಿಲ್ಲ. ಬಾಟಲಿಯನ್ನೇ ಪಕ್ಕದಲ್ಲಿಟ್ಟುಕೊಳ್ಳಿ. ಹಿಂದೆ ಯಾರಿಗೋ ಕೊಟ್ಟಿದ್ದ ಡ್ರಾಪ್ಸ್ ಹಾಕಿಕೊಂಡಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಬೈಯುವುದಿಲ್ಲ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕೆಂಪು ಬೇಗ ಇಳಿಯುತ್ತದೆ, ಆದರೆ ಜಾಸ್ತಿ ದಿನ ಹಾಕಿದರೆ ಕಣ್ಣಿನ ಒಳಗಿನ ಒತ್ತಡ ಏರಬಹುದು. ನುಂಗುವ ಮಾತ್ರೆಗಳೂ ಲೆಕ್ಕಕ್ಕೆ ಬರುತ್ತವೆ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರು ಪೊರೆ ಆಪರೇಷನ್‌ಗೆ ಮೊದಲು ಡಾಕ್ಟರಿಗೆ ಹೇಳಲೇಬೇಕು. ಕೀಲುನೋವಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುವವರಿಗೆ ಆಗಾಗ ರೆಟಿನಾ ಪರೀಕ್ಷೆ ಬೇಕು. ಹಳೇ ಕನ್ನಡಕದ ಚೀಟಿ, ಹಿಂದಿನ ರಿಪೋರ್ಟ್ ಇದ್ದರೆ ಅವೂ ಕೈಗೆ ಸಿಗುವಂತಿರಲಿ.

ವಿಡಿಯೋದಲ್ಲಿ ಆಗದ ಕೆಲಸವೂ ಇದೆ. ಕಣ್ಣಿನ ಒತ್ತಡ ಅಳೆಯಲು ಆಗಲ್ಲ, ಹನಿ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ ನೋಡಲು ಆಗಲ್ಲ. ಗ್ಲಾಕೋಮಾ (ಹೆಚ್ಚಾಗಿ ಕಣ್ಣಿನ ಒಳಗಿನ ಒತ್ತಡದಿಂದ ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರು "ನೋವಿಲ್ಲ, ಕಾಲ್‌ನಲ್ಲೇ ಮುಗಿಸೋಣ" ಅಂದಾಗ ನಾನು ಒಪ್ಪುವುದಿಲ್ಲ. ಹೆಚ್ಚಿನವರಲ್ಲಿ ಅದು ನೋವೇ ಕೊಡದೆ ದೃಷ್ಟಿ ತಿನ್ನುವ ಕಾಯಿಲೆ, ಅಲ್ವಾ.

ಕೆಲವಕ್ಕೆ ಅಪಾಯಿಂಟ್‌ಮೆಂಟೇ ಬೇಡ, ತಕ್ಷಣ ಹೊರಡಿ. ಹಠಾತ್ತಾಗಿ ದೃಷ್ಟಿ ಹೋಗುವುದು, ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕಿಗಳು ಒಮ್ಮೆಲೇ ತುಂಬಿಕೊಳ್ಳುವುದು, ಪರದೆ ಇಳಿದಂತೆ ಕತ್ತಲಾಗುವುದು, ವಾಂತಿ ಬರುವಷ್ಟು ಕಣ್ಣುನೋವು, ಕಣ್ಣಿಗೆ ಪೆಟ್ಟು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಲೆನ್ಸ್ ತೆಗೆದು, ಅದೇ ದಿನ ತೋರಿಸಬೇಕು. ಆಸಿಡ್, ಸುಣ್ಣದಂಥದ್ದು ಬಿದ್ದರೆ ಮೊದಲು ಕನಿಷ್ಠ 15–20 ನಿಮಿಷ ಶುದ್ಧ ನೀರು ಹರಿಸಿ ತೊಳೆಯಿರಿ, ಆಮೇಲೆ ಆಸ್ಪತ್ರೆ. ಮಗುವಿನ ಫ್ಲ್ಯಾಶ್ ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಬೆಳ್ಳಗೆ ಕಂಡರೂ ಆ ಫೋಟೋ ಹಿಡಿದುಕೊಂಡು ನೇರ ಬನ್ನಿ.

ಕಾಲ್ ಮುಗಿಯುವ ಮುಂಚೆ ಡಾಕ್ಟರಿಂದ ಎರಡು ವಿಷಯ ಕೇಳಿ ಬರೆದುಕೊಳ್ಳಿ: ಈ ಡ್ರಾಪ್ಸ್ ಎಷ್ಟು ದಿನ ಹಾಕಬೇಕು, ಏನಾದರೆ ಕಾಯದೆ ಬರಬೇಕು. ಇದನ್ನು ಕೇಳದವರೇ ಮರುದಿನ ನನಗೆ ಫೋನ್ ಮಾಡುವುದು.