ಡ್ರಮ್ಮು ತುಂಬುವ ಸದ್ದು

ನಮ್ಮ ಚಿತ್ರಸಂಘದ ಸದಸ್ಯರು ತಾವೇ ತೆಗೆದ ಕಿರುಚಿತ್ರಗಳನ್ನು ತೋರಿಸುವ ಭಾನುವಾರ ಅದು. ಜಯನಗರದ ಒಂದು ಮನೆಯ ಮಹಡಿಯಲ್ಲಿ ಕಿಟಕಿಗಳಿಗೆ ಹೊದಿಕೆ ಕಟ್ಟಿ ಕತ್ತಲು ಮಾಡಿದ್ದೆವು.

ಮೊದಲ ಚಿತ್ರ ಕಣ್ಣಿಗೆ ಹಬ್ಬವಾಗಿತ್ತು. ಕಬ್ಬನ್ ಪಾರ್ಕಿನ ಬಿದಿರುಮೆಳೆ, ಎಳೆಬಿಸಿಲು, ಬಾಡಿಗೆಗೆ ತಂದ ಒಳ್ಳೆಯ ಲೆನ್ಸು. ಆದರೆ ಪಾತ್ರಗಳು ಬಾಯಿ ತೆರೆದ ಕೂಡಲೇ ಎಲ್ಲವೂ ಕುಸಿಯಿತು. ಮೈಕು ಕ್ಯಾಮೆರಾದ ಮೇಲೆಯೇ ಇದ್ದುದರಿಂದ ಕಸ್ತೂರಬಾ ರಸ್ತೆಯ ಹಾರನ್ನುಗಳು ಮಾತಿಗಿಂತ ಮುಂದೆ ಬಂದು ನಿಂತಿದ್ದವು. ಒಂದು ಶಾಟ್‌ನಿಂದ ಇನ್ನೊಂದಕ್ಕೆ ಕಟ್ ಆದಾಗಲೆಲ್ಲ ಗದ್ದಲ ಏರುತ್ತಿತ್ತು, ಇಳಿಯುತ್ತಿತ್ತು. ಅದನ್ನು ಮುಚ್ಚಲು ಉದ್ದಕ್ಕೂ ಪಿಯಾನೊ. ಚಿತ್ರ ತುಸು ಮಸುಕಾದರೆ ನಾನು ಸಹಿಸಬಲ್ಲೆ; ಮಾತು ಕೇಳಿಸದಿದ್ದರೆ ನನಗೆ ಆ ಮನುಷ್ಯರೇ ಸಿಗುವುದಿಲ್ಲ.

ಇನ್ನೊಂದರಲ್ಲಿ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತಿದ್ದವು. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಆವರ್ತ; ಟ್ಯೂಬ್‌ಲೈಟ್ ಆ ಲಯಕ್ಕೆ ತಕ್ಕಂತೆ ಕಣ್ಣಿಗೆ ಕಾಣದಷ್ಟು ಬೇಗ ಮಿನುಗುತ್ತದೆ. ಅದರ ಕೆಳಗೆ ಷಟರ್ ವೇಗವನ್ನು, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತನ್ನು, 1/50 ಸೆಕೆಂಡಿಗೆ ಇಟ್ಟಿದ್ದರೆ ಸಾಕಿತ್ತು. ಇದು ಸುಲಭವಾಗಿ ಸರಿಯಾಗುವ ಲೋಪ.

ಆಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳ ಏಳು ನಿಮಿಷದ ಚಿತ್ರ. ಬೆಳಗಿನ ಜಾವ ಕಾವೇರಿ ನೀರು ಬಂದಿದೆ. ಅಡುಗೆಮನೆಯಲ್ಲಿ ತಾಯಿ, ಮಗ. ಅವನಿಗೆ ದೂರದ ಊರಿಗೆ ವರ್ಗವಾಗಿದೆ, ಹೇಳಲಾಗುತ್ತಿಲ್ಲ. ಹಿಂದೆ ಬಚ್ಚಲಲ್ಲಿ ಡ್ರಮ್ಮು ತುಂಬುತ್ತಿದೆ. ಅದನ್ನು ಒಮ್ಮೆಯೂ ತೋರಿಸುವುದಿಲ್ಲ. ನೀರು ಏರಿದಂತೆ ಒಳಗಿನ ಗಾಳಿಗೆ ಜಾಗ ಕಡಿಮೆಯಾಗಿ ಸದ್ದಿನ ಶ್ರುತಿ ಮೇಲೇರುತ್ತದೆಯಲ್ಲ, ಬೆಂಗಳೂರಿನವರ ಕಿವಿಗೆ ಆ ಲೆಕ್ಕ ಚೆನ್ನಾಗಿ ಗೊತ್ತು. ಶ್ರುತಿ ಏರುತ್ತ ಹೋಯಿತು. ಮಗ ಕಾಫಿ ಲೋಟ ತಿರುಗಿಸುತ್ತಲೇ ಇದ್ದ. ನನ್ನ ಪಕ್ಕದಲ್ಲಿದ್ದವರು ನಲ್ಲಿ ನಿಲ್ಲಿಸಲು ತಾವೇ ಏಳುವವರಂತೆ ಮುಂದಕ್ಕೆ ಬಾಗಿದರು. ಕೊನೆಗೆ ನೀರು ಉಕ್ಕಿ ನೆಲಕ್ಕೆ ಸುರಿಯಿತು. ತಾಯಿ ಎದ್ದು ಹೋದಳು. ಮಾತು ಅಲ್ಲಿಯೇ ಉಳಿಯಿತು.

ಎಲ್ಲವೂ ಮೊಬೈಲಿನಲ್ಲಿ ತೆಗೆದದ್ದು. ಇನ್ನೊಂದು ಮೊಬೈಲನ್ನು ಊಟದ ಮೇಜಿನ ಮೇಲೆ, ಪಾತ್ರೆಗಳ ಮರೆಯಲ್ಲಿಟ್ಟು ಮಾತು ಹಿಡಿದಿದ್ದಾಳೆ. ಡ್ರಮ್ಮು ತಳದಿಂದ ಕಂಠದವರೆಗೆ ತುಂಬುವುದನ್ನು ಬೇರೆಯಾಗಿ ಮುದ್ರಿಸಿಕೊಂಡು, ಸಂಭಾಷಣೆಯ ಉದ್ದವನ್ನು ಅದಕ್ಕೆ ಹೊಂದಿಸಿದ್ದಾಳೆ. ಚಿತ್ರೀಕರಣ ಮುಗಿಸಿ ಹೊರಡುವ ಮುಂಚೆ ಎಲ್ಲರನ್ನೂ ಸುಮ್ಮನಿರಿಸಿ ಆ ಕೋಣೆಯ ಬರಿಯ ಮೌನವನ್ನೂ ಒಂದು ನಿಮಿಷ ಹಿಡಿದಿದ್ದಾಳೆ. ಸಂಕಲನದಲ್ಲಿ ಆ ಮೌನವನ್ನು ಮಾತಿನ ಕೆಳಗೆ ಹಾಸಿದ್ದರಿಂದಲೇ ಕಟ್‌ಗಳು ನಮ್ಮ ಕಿವಿಗೆ ಬೀಳಲಿಲ್ಲ. ಹವ್ಯಾಸಿಗಳ ಕೈಯಲ್ಲಿ ಹಣವಿರುವುದಿಲ್ಲ, ಆದರೆ ಹೀಗೆ ಕಿವಿಗೊಟ್ಟು ಕೂರುವ ವ್ಯವಧಾನ ಇರಬಹುದು. ಕಥೆ ಬರೆಯುವಾಗಲೇ ಏನು ಕೇಳಿಸಬೇಕೆಂದು ಯೋಚಿಸಿದವರ ಚಿತ್ರ ಬೇರೆಯೇ ಆಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆಸ್ಕರ್ ನಿಯಮದಲ್ಲಿ ಕಿರುಚಿತ್ರಕ್ಕೆ 40 ನಿಮಿಷದವರೆಗೆ ಅವಕಾಶವಿದೆ. ಇವಳಿಗೆ ಒಂದು ಡ್ರಮ್ಮು ತುಂಬುವಷ್ಟು ಹೊತ್ತು ಸಾಕಾಯಿತು.

ಒಂದೇ ತಕರಾರು. ಕೊನೆಯಲ್ಲಿ ಮಗ ಬಸ್ಸು ಹತ್ತುವ ದೃಶ್ಯ, ಅದರ ಮೇಲೊಂದು ಹಾಡು.

“ಅದನ್ನು ತೆಗೆದುಬಿಡಮ್ಮ, ನೀರು ಉಕ್ಕಿದಾಗಲೇ ಅವನು ಹೊರಟಾಗಿತ್ತು” ಎಂದರು ಹಿರಿಯ ಸದಸ್ಯರೊಬ್ಬರು. ನಾನೂ ಅದನ್ನೇ ಹೇಳಿದೆ.

“ಇಲ್ಲ ಸರ್, ನಮ್ಮ ಅಮ್ಮ ನೋಡಿದಾಗ ಅವನು ಹೋದನೋ ಇಲ್ಲವೋ ಎಂದು ಕೇಳಿದರು. ಅವರಿಗೆ ಉತ್ತರ ಬೇಕಿತ್ತು” ಎಂದಳು. ಅರ್ಧ ಗಂಟೆ ವಾದ ನಡೆಯಿತು. ಮುಂದಿನ ಸಭೆಗೆ ಎರಡೂ ಕೊನೆಗಳನ್ನು ತರಲು ಒಪ್ಪಿದ್ದಾಳೆ. ನಾನು ಬಸ್ಸಿಲ್ಲದ ಕೊನೆಯ ಪರವಾಗಿಯೇ ವಾದಿಸುವವನಿದ್ದೇನೆ.